ಹೋಲ್ ವಿಝಾರ್ಡ್‌ಗೆ ಹೊಸ ಸೈಜ್ ಸೇರಿಸಿ ಕೊಡ್ತೀವಿ ಅನ್ನೋರ ಮೇಲೆ ಒಂದು ಕಣ್ಣಿಡಿ

ಸಾಲಿಡ್‌ವರ್ಕ್ಸ್ (ಕಂಪ್ಯೂಟರಿನಲ್ಲಿ ಪಾರ್ಟ್ ಡಿಸೈನ್ ಮಾಡುವ ಸಾಫ್ಟ್‌ವೇರ್) ಬಳಸುವ ಸಣ್ಣ ವರ್ಕ್‌ಶಾಪಿನವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೋಲ್ ವಿಝಾರ್ಡ್ ಅಂದರೆ ಅದರಲ್ಲಿ ಲಿಸ್ಟಿನಿಂದ ಸೈಜ್ ಆರಿಸಿ ತೂತು ಹಾಕುವ ಟೂಲ್.

ನಮ್ಮದು ಹುಬ್ಬಳ್ಳಿ ಗೋಕುಲ ರೋಡಿನಲ್ಲಿ ಫಿಕ್ಸ್ಚರ್ (ಪಾರ್ಟನ್ನು ಅಲುಗದಂತೆ ಹಿಡಿಯುವ ಸಾಧನ) ಕೆಲಸ. ಒಬ್ಬ ಕಸ್ಟಮರ್ ಎಂ8 (8 ಮಿಮೀ) ಬೋಲ್ಟ್‌ಗೆ 8.5 ಮಿಮೀ ತೂತೇ ಬೇಕು ಅಂತಿದ್ದರು. ಪ್ರತಿ ಸಲ ಅಳತೆ ಟೈಪ್ ಮಾಡೋದು ಯಾಕೆ ಅಂತ, ದುಡ್ಡು ಕೊಟ್ಟು ಒಬ್ಬರನ್ನು ಕರೆಸಿ, ಲಿಸ್ಟಿನಲ್ಲಿ ಇದನ್ನೂ ಒಂದು ಸೈಜಾಗಿ ಸೇರಿಸಿ ಎಂದಿದ್ದೆವು. ಆ ಮಹಾಶಯರು ಏನೂ ಸೇರಿಸಲೇ ಇಲ್ಲ. ಐಎಸ್‌ಒ (ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್) ಟೇಬಲ್‌ನಲ್ಲಿ ಎಂ8 ನಾರ್ಮಲ್ ಫಿಟ್ (ಬೋಲ್ಟ್ ಮಾಮೂಲಿ ಸಡಿಲದಲ್ಲಿ ಕೂರುವ ತೂತು) ಎದುರು ಇದ್ದ 9 ಅನ್ನು ಅಳಿಸಿ, ಅಲ್ಲೇ 8.5 ಬರೆದು, ಬಿಲ್ ಕೊಟ್ಟು ಹೊರಟರು.

ಈ ಅಳತೆಗಳ ಡೇಟಾಬೇಸ್ ಇರುವ ಟೂಲ್‌ಬಾಕ್ಸ್ ಫೋಲ್ಡರ್ ಸರ್ವರ್‌ನಲ್ಲಿತ್ತು, ಹಾಗಾಗಿ ಎಲ್ಲ ಸಿಸ್ಟಮ್‌ಗೂ ಅದೇ ಹೋಯಿತು. ಕಸ್ಟಮ್ ಸೈಜಿಂಗ್‌ನಲ್ಲಿ ನೀವೇ ಅಳತೆ ಬದಲಿಸಿದರೆ ಆ ಬಾಕ್ಸ್ ಹಳದಿ ಆಗುತ್ತೆ, ಏನೋ ಬೇರೆ ಇದೆ ಅಂತ ಗೊತ್ತಾಗುತ್ತೆ. ಡೇಟಾಬೇಸನ್ನೇ ತಿದ್ದಿದರೆ ಹಳದಿ ಎಲ್ಲಿಂದ ಬರಬೇಕು? ಸಾಫ್ಟ್‌ವೇರ್ ಪಾಲಿಗೆ 8.5 ಅನ್ನೋದೇ ಸ್ಟ್ಯಾಂಡರ್ಡ್. ಹಳೇ ಪಾರ್ಟಿನಲ್ಲಿ 9, ಹೊಸದರಲ್ಲಿ 8.5, ಹೆಸರು ಮಾತ್ರ ಎರಡಕ್ಕೂ ಎಂ8.

ಡೌಟ್ ಬಂದಿದ್ದು ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮಷಿನ್) ಹುಡುಗನಿಗೆ. 8.5 ಅಂದರೆ ಎಂ10 ಟ್ಯಾಪ್ ಡ್ರಿಲ್ (ಒಳಗೆ ಥ್ರೆಡ್ ಕೊರೆಯುವ ಮುಂಚೆ ಹಾಕುವ ತೂತಿನ ಅಳತೆ) ಅಲ್ವಾ, ಅದಕ್ಕೆ "ಸರ, ಇದಕ್ಕ ಎಂ10 ಟ್ಯಾಪ್ ಹೊಡೀಬೇಕೇನ್ರಿ?" ಅಂತ ಡ್ರಾಯಿಂಗ್ ಹಿಡಿದು ಬಂದ. ಡಿಸೈನರ್, "ಇಲ್ಲಪಾ, ಕ್ಲಿಯರೆನ್ಸ್ ಹೋಲ್, ಸಾಫ್ಟ್‌ವೇರ್‌ನಾಗ ಹಂಗ ಐತಿ" ಅಂದರು. (ಕ್ಲಿಯರೆನ್ಸ್ ಹೋಲ್ ಅಂದರೆ ಥ್ರೆಡ್ ಇಲ್ಲದೆ ಬೋಲ್ಟ್ ಸಲೀಸಾಗಿ ಹಾದುಹೋಗುವ ತೂತು.) ಕಂಪ್ಯೂಟರ್ ಹೇಳಿದ ಮೇಲೆ ಮಾತು ಮುಗೀತಲ್ಲ!

ಅಸೆಂಬ್ಲಿಯಲ್ಲಿ ಮೇಲಿನ ಪ್ಲೇಟಿನ ಮೊದಲ ಬೋಲ್ಟ್ ಸಲೀಸಾಗಿ ಕೂತಿತು. ಎರಡನೆಯದು ಅರ್ಧಕ್ಕೆ ನಿಂತಿತು. ಮೂರನೆಯದಕ್ಕೆ ಸುತ್ತಿಗೆ ಬೇಕಾಯಿತು. ತೂತುಗಳ ನಡುವಿನ ಅಂತರ ಸ್ವಲ್ಪ ಆಚೀಚೆ ಆದರೂ 9 ತಡೆದುಕೊಳ್ಳುತ್ತೆ, 8.5ಕ್ಕೆ ಆ ಜಾಗವೇ ಇಲ್ಲ. ಪ್ಲೇಟ್‌ಗೆ ಆಗಲೇ ಝಿಂಕ್ ಪ್ಲೇಟಿಂಗ್ ಆಗಿತ್ತು. ಮತ್ತೆ 9ಕ್ಕೆ ಡ್ರಿಲ್ ಹೊಡೆದರೆ ತೂತಿನ ಒಳಗೆ ಬರೀ ಕಬ್ಬಿಣ, ತುಕ್ಕು ಹಿಡಿಯೋದು ಗ್ಯಾರಂಟಿ. ಎಲ್ಲವನ್ನೂ ಇನ್ನೊಮ್ಮೆ ಪ್ಲೇಟಿಂಗ್‌ಗೆ ಕಳಿಸಿದೆವು, ಖರ್ಚು ನಮ್ಮ ತಲೆಗೇ ಬಂತು. ಆ ಮನುಷ್ಯರಿಗೆ ಫೋನ್ ಮಾಡಿದರೆ, ನೀವು ಹೇಳಿದ್ದನ್ನೇ ಮಾಡಿದ್ದೀನಲ್ಲ ಅಂತಾರೆ.

ಸರಿಯಾದ ದಾರಿ ಏನೂ ಕಷ್ಟವಿಲ್ಲ. ಆಪ್ಶನ್ಸ್‌ನಲ್ಲಿ ಹೋಲ್ ವಿಝಾರ್ಡ್/ಟೂಲ್‌ಬಾಕ್ಸ್, ಅಲ್ಲಿಂದ ಕಾನ್ಫಿಗರ್. ಐಎಸ್‌ಒವನ್ನು ಕಾಪಿ ಮಾಡಿ ನಿಮ್ಮ ವರ್ಕ್‌ಶಾಪಿನ ಹೆಸರಿಡಿ, ಏನು ಸೇರಿಸೋದಿದ್ದರೂ ಅದರೊಳಗೆ ಸೇರಿಸಿ. ಮೂಲ ಟೇಬಲ್ ಮುಟ್ಟಲೇಬೇಡಿ. ಅದಕ್ಕೂ ಮುಂಚೆ ಸಾಲಿಡ್‌ವರ್ಕ್ಸ್ ಡೇಟಾ ಫೋಲ್ಡರ್‌ನ ಒಂದು ಕಾಪಿ ಬೇರೆ ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ವರ್ಷನ್ ಬದಲಿಸುವಾಗಲೂ ಅಷ್ಟೇ, ಡೇಟಾಬೇಸ್ ಒಮ್ಮೆ ಹೊಸದಕ್ಕೆ ಅಪ್‌ಗ್ರೇಡ್ ಆದರೆ ಹಳೇ ವರ್ಷನ್‌ಗೆ ಬರಲ್ಲ. ಒಂದೇ ಸೈಜ್ ಪದೇ ಪದೇ ಬೇಕಿದ್ದರೆ ಡೇಟಾಬೇಸ್ ಗೋಜಿಗೇ ಹೋಗದೆ ಫೇವರಿಟ್ ಆಗಿ ಸೇವ್ ಮಾಡಿಕೊಂಡರೂ ಸಾಕು.

ಹೊರಗಿನವರು ಈಗಾಗಲೇ ನಿಮ್ಮ ಸಿಸ್ಟಮ್‌ಗೆ ಕೈ ಹಾಕಿದ್ದರೆ, ಖಾಲಿ ಪಾರ್ಟ್ ತೆಗೆದು ಐಎಸ್‌ಒ ನಾರ್ಮಲ್ ಫಿಟ್‌ನಲ್ಲಿ ತೂತು ಹಾಕಿ ನೋಡಿ. ಎಂ6ಕ್ಕೆ 6.6, ಎಂ8ಕ್ಕೆ 9, ಎಂ10ಕ್ಕೆ 11 ಬರಬೇಕು. ಬರದಿದ್ದರೆ ಅವರು ಕೈ ಹಾಕಿದ ಮೇಲೆ ಮಾಡಿದ ಡ್ರಾಯಿಂಗ್ ಯಾವುದನ್ನೂ ಶಾಪ್‌ಗೆ ಬಿಡಬೇಡಿ.