ಹಿಡಿದುಕೊಳ್ಳುವ ಸೆಲ್ಫ್ ಮೋಟಾರ್: ಸುತ್ತಿಗೆ, ವೈರ್, ರಿಪೇರಿ, ಹೊಸದು

ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ನಮ್ಮ ಕಡೆ, ಎಂಜಿನನ್ನು ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರ್ ಕೈಕೊಟ್ಟ ಟ್ರಾಕ್ಟರನ್ನು ರಾತ್ರಿ ಇಳಿಜಾರಿನಲ್ಲಿ ನಿಲ್ಲಿಸಿ, ಬೆಳಿಗ್ಗೆ ಉರುಳಿಸಿ ಸ್ಟಾರ್ಟ್ ಮಾಡುವವರು ಊರಿಗೆ ನಾಲ್ಕು ಮಂದಿಯಾದರೂ ಸಿಗುತ್ತಾರೆ. ಮೂರು ಸಿಲಿಂಡರಿನ, ಇಪ್ಪತ್ತು ವರ್ಷ ದಾಟಿದ ನನ್ನ ಡೀಸೆಲ್ ಟ್ರಾಕ್ಟರನ್ನು ನಾನೂ ಒಂದು ಹಂಗಾಮು ಪೂರ್ತಿ ಹಾಗೆಯೇ ಓಡಿಸಿದೆ. ಆದರೆ ಕೆಸರುಗದ್ದೆಯ ನಡುವೆ ಎಂಜಿನ್ ನಿಂತ ದಿನ ಇಳಿಜಾರನ್ನು ಎಲ್ಲಿಂದ ತರುವುದು? ಆಮೇಲೆ ಎರಡು ವರ್ಷಗಳಲ್ಲಿ ಒಂದೊಂದಾಗಿ ಮಾಡಿ ನೋಡಿದ ಪರಿಹಾರಗಳನ್ನು ಇಲ್ಲಿ ಪಕ್ಕಪಕ್ಕದಲ್ಲಿಟ್ಟು ತೂಗುತ್ತಿದ್ದೇನೆ.

ಮೊದಲನೆಯದು ಎಲ್ಲರಿಗೂ ಗೊತ್ತಿರುವ ಸುತ್ತಿಗೆ. ಮೋಟಾರಿನ ಮೈಗೆ ಎರಡು ಮೆಲುಪೆಟ್ಟು ಕೊಟ್ಟರೆ, ತನ್ನ ಮನೆಯಲ್ಲೇ ಸಿಕ್ಕಿಕೊಂಡಿದ್ದ ಕರೆಂಟ್ ಒಯ್ಯುವ ಕಾರ್ಬನ್ ಬ್ರಷ್ ಜಾರಿ, ಒಳಗೆ ತಿರುಗುವ ತಾಮ್ರದ ಪಟ್ಟಿಗಳ ಕಮ್ಯುಟೇಟರಿಗೆ ತಾಗುತ್ತದೆ ಮತ್ತು ಮೋಟಾರ್ ತಿರುಗುತ್ತದೆ. ಬ್ರಷ್ ಸವೆದಿದೆ ಎಂಬುದನ್ನು ತಿಳಿಸುವ ಪರೀಕ್ಷೆಯಾಗಿ ಇದನ್ನು ಒಪ್ಪುತ್ತೇನೆಯೇ ಹೊರತು ಪರಿಹಾರವಾಗಿ ಅಲ್ಲ. ನನಗೆ ಇದು ಹನ್ನೊಂದು ದಿನ ಬಂತು. ಒಳಗೆ ಶಾಶ್ವತ ಅಯಸ್ಕಾಂತವಿರುವ ಹೊಸ ಬಗೆಯ ಮೋಟಾರಿಗೆ ಹೀಗೆ ಹೊಡೆದರೆ ಅಯಸ್ಕಾಂತವೇ ಬಿರುಕು ಬಿಡಬಹುದು. ಸ್ಕ್ರೂಡ್ರೈವರಿನಿಂದ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್ಚಾದ ಸೊಲೆನಾಯ್ಡಿನ ಎರಡು ಬೋಲ್ಟ್‌ಗಳನ್ನು ಸೇರಿಸುವ ಇನ್ನೊಂದು ಉಪಾಯವನ್ನಂತೂ ನಾನು ಕೈಬಿಟ್ಟಿದ್ದೇನೆ. ಗೇರಿನಲ್ಲಿದ್ದ ಟ್ರಾಕ್ಟರ್ ಹಾಗೆ ಸ್ಟಾರ್ಟ್ ಆದರೆ, ದೊಡ್ಡ ಗಾಲಿಯ ಮುಂದೆ ನಿಂತವನಿಗೆ ಸರಿಯಲು ಸಮಯವೇ ಇರುವುದಿಲ್ಲ.

ಎರಡನೆಯದು ಬ್ಯಾಟರಿ ಮತ್ತು ವೈರುಗಳ ಕಡೆಗೆ ಗಮನ ಕೊಡುವುದು. ಕೀಲಿ ತಿರುಗಿಸಿದಾಗ ಒಂದೇ ಒಂದು "ಟಕ್" ಎಂಬ ಸದ್ದು ಬಂದು ಸುಮ್ಮನಾಗುವುದಕ್ಕೂ, "ಟಕಟಕ" ಎಂದು ಬಡಿದುಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಸೊಲೆನಾಯ್ಡಿನೊಳಗೆ ಎರಡು ಸುರುಳಿಗಳಿದ್ದು, ಒಂದು ಮೋಟಾರಿನ ಪುಟ್ಟ ಹಲ್ಲುಗಾಲಿಯಾದ ಪಿನಿಯನ್ನನ್ನು ಎಂಜಿನ್ನಿನ ದೊಡ್ಡ ಚಕ್ರವಾದ ಫ್ಲೈವೀಲಿನತ್ತ ತಳ್ಳುವ ಬಲವನ್ನೂ ಇನ್ನೊಂದು ಅದನ್ನು ಅಲ್ಲಿಯೇ ಹಿಡಿದಿಡುವ ಬಲವನ್ನೂ ಕೊಡುತ್ತದೆ. ವೋಲ್ಟೇಜ್ ಕುಸಿದಾಗ ಹಿಡಿದಿಡುವ ಸುರುಳಿಯ ಬಲ ಸಾಲದೆ ಅದು ಬಿಟ್ಟು ಹಿಡಿದು ಬಡಿದುಕೊಳ್ಳುತ್ತದೆ. ನನ್ನದು ಬಹುಪಾಲು ಈ ಎರಡನೆಯ ಸದ್ದು. ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟ್ ತೋರಿಸುತ್ತಿದ್ದರಿಂದ ಅದನ್ನು ನಿರಪರಾಧಿ ಎಂದುಕೊಂಡೆ, ಅದು ಸರಿಯೂ ಆಗಿತ್ತು. ಆದರೆ ಕೀಲಿ ತಿರುಗಿಸಿ ಹಿಡಿದಾಗ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಮೋಟಾರಿನ ಮೈಗೂ ಮಧ್ಯೆ ಮೀಟರ್ 1.4 ವೋಲ್ಟ್ ತೋರಿಸಿತು. ಅರ್ಧ ವೋಲ್ಟಿಗಿಂತ ಹೆಚ್ಚು ಇರಬಾರದ ಜಾಗವದು. 300 ಆಂಪಿಯರ್ ಹರಿಯುವ ದಾರಿಯಲ್ಲಿ ಬರೀ 5 ಮಿಲಿಓಮ್ ತಡೆಯಿದ್ದರೂ 1.5 ವೋಲ್ಟ್ ಅಲ್ಲಿಯೇ ಸೋರಿಹೋಗುತ್ತದೆ. ಬ್ಯಾಟರಿಯ ನೆಗೆಟಿವ್ ಕಂಬವನ್ನು ಟ್ರಾಕ್ಟರಿನ ಮೈಗೆ ಸೇರಿಸುವ ಅರ್ಥ್ ವೈರ್ ಕೂರುವ ಜಾಗದ ಪೇಂಟು ಮತ್ತು ತುಕ್ಕನ್ನು ಕೆರೆದು, ದಪ್ಪನೆಯ ಹೊಸ ವೈರ್ ಬಿಗಿದ ಮೇಲೆ ಬಡಿದಾಟ ನಿಂತಿತು. ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಫಲ ಕೊಟ್ಟ ಕೆಲಸ ಇನ್ನೊಂದಿಲ್ಲ. ಇದನ್ನು ಮೊದಲೇ ಮಾಡದೆ ಹೊಸ ಬ್ಯಾಟರಿ ಕೊಂಡುಬಿಡುವವರನ್ನು ಕಂಡರೆ ಅಯ್ಯೋ ಎನಿಸುತ್ತದೆ.

ಆದರೂ ನಿಜವಾದ ಹಿಡಿತ ಉಳಿದೇ ಇತ್ತು. ವಾರಕ್ಕೊಮ್ಮೆಯಾದರೂ ಎಂಜಿನ್ ಹೊತ್ತಿಕೊಂಡ ಮೇಲೆ ಪಿನಿಯನ್ ಹಿಂದಕ್ಕೆ ಬಾರದೆ ಕಿರುಚುತ್ತಿತ್ತು. ಮೋಟಾರನ್ನು ಬಿಚ್ಚಿದಾಗ ಕಾರಣ ಕಂಡಿತು: ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲಿನಿಂದ ಒಸರಿದ ಎಣ್ಣೆ ಮತ್ತು ಕ್ಲಚ್ ಪ್ಲೇಟಿನ ಪುಡಿ ಸೇರಿ, ಪಿನಿಯನ್ನನ್ನು ಹೊತ್ತ ಬೆಂಡಿಕ್ಸ್ ಜಾರುವ ಓರೆಗೆರೆಗಳ ಮೇಲೆ ಡಾಂಬರಿನಂತೆ ಮೆತ್ತಿಕೊಂಡಿದ್ದವು. ಮೊದಲ ಸಲ ಅದನ್ನು ತೊಳೆದು ಧಾರಾಳವಾಗಿ ಗ್ರೀಸ್ ಹಚ್ಚಿದೆ; ಎರಡು ತಿಂಗಳಲ್ಲಿ ಅದೇ ಗ್ರೀಸ್ ಇನ್ನಷ್ಟು ಪುಡಿಯನ್ನು ಹಿಡಿದುಕೊಂಡಿತು. ಎರಡನೆಯ ಸಲ ತೆಳ್ಳನೆಯ ಎಣ್ಣೆ ಹಚ್ಚಿ ಬಟ್ಟೆಯಿಂದ ಒರೆಸಿದ್ದು ಒಂದು ಹಂಗಾಮು ಪೂರ್ತಿ ಬಾಳಿತು.

ಅಷ್ಟರಲ್ಲಿ, ಬಿಚ್ಚುವ ತಾಪತ್ರಯವೇ ಬೇಡವೆಂದು ಅಂಗಡಿಯಿಂದ ಕಡಿಮೆ ಬೆಲೆಯ ಹೊಸ ಮೋಟಾರ್ ತಂದು ಕೂರಿಸಿದ್ದೂ ಉಂಟು. ತಂದ ದಿನ ಅದರ ವೇಗ ನೋಡಿ ಖುಷಿಯಾಯಿತು. ಎಂಟನೆಯ ತಿಂಗಳಿಗೆ ಅದರ ತಿರುಗುವ ದಂಡವನ್ನು ಹಿಡಿದಿಡುವ ಬಳೆ, ಅಂದರೆ ಬುಷ್ ಸಡಿಲವಾಗಿ, ಒಳಗೆ ತಿರುಗುವ ಆರ್ಮೇಚರ್ ತನ್ನ ಸುತ್ತಲಿನ ಕಬ್ಬಿಣಕ್ಕೆ ಉಜ್ಜತೊಡಗಿತು, ಬಿಸಿಯಾದಾಗಲಂತೂ ಕದಲುತ್ತಲೇ ಇರಲಿಲ್ಲ. ಆಗ ಮೂಲೆಗೆ ಬಿಸಾಡಿದ್ದ ಹಳೆಯದನ್ನು ಪೇಟೆಯ ಆಟೊ ಎಲೆಕ್ಟ್ರಿಷಿಯನ್ ಒಬ್ಬರಿಗೆ ಕೊಟ್ಟು, ಬ್ರಷ್, ಬುಷ್, ಬೆಂಡಿಕ್ಸ್ ಮೂರನ್ನೂ ಬದಲಿಸಿ, ಸೊಲೆನಾಯ್ಡಿನ ಸುಟ್ಟ ತಾಮ್ರದ ಬಿಲ್ಲೆಯನ್ನು ಮಗುಚಿ ಹಾಕಿಸಿದೆ. ಕಮ್ಯುಟೇಟರನ್ನು ಎಮೆರಿ ಹಾಳೆಯಿಂದ ಉಜ್ಜಬಾರದು, ಅದರ ಕಣ ತಾಮ್ರದ ಪಟ್ಟಿಗಳ ನಡುವೆ ಸಿಕ್ಕಿದರೆ ಶಾರ್ಟ್ ಆದೀತು, ಸಾದಾ ಮರಳು ಕಾಗದವೇ ಸಾಕು ಎಂದು ಅವರು ಹೇಳಿಕೊಟ್ಟರು. ಹೊಸದರ ಬೆಲೆಯ ಅರ್ಧಕ್ಕಿಂತ ಕಡಿಮೆಯಲ್ಲಿ ಮುಗಿದ ಈ ರಿಪೇರಿಗೆ ಈಗ ಹದಿನಾಲ್ಕು ತಿಂಗಳು. ದಪ್ಪ ತಾಮ್ರದ ಹಳೆಯ ಫೀಲ್ಡ್ ಕಾಯಿಲ್, ಅಂದರೆ ಒಳಗಿನ ಕಾಂತಸುರುಳಿ, ಸುಟ್ಟಿರದಿದ್ದರೆ ನಾನು ರಿಪೇರಿಯನ್ನೇ ಆರಿಸುತ್ತೇನೆ. ಕಾಯಿಲ್ ಸುಟ್ಟಿದ್ದರೆ ಮಾತ್ರ ಒಳ್ಳೆಯ ಹೊಸದಕ್ಕೆ ಹಣ ಹಾಕುವುದು ವಾಸಿ.

ಇವುಗಳಲ್ಲಿ ಯಾವುದೂ ಮುಟ್ಟದ ಒಂದು ತೊಂದರೆ ಮಾತ್ರ ಉಳಿದಿದೆ. ಮೂರು ಸಿಲಿಂಡರಿನ ಎಂಜಿನ್ ಆರಿದಾಗ ಕಂಪ್ರೆಶನ್ನಿಗೆ, ಅಂದರೆ ಸಿಲಿಂಡರಿನೊಳಗೆ ಒತ್ತಿದ ಗಾಳಿಗೆ, ಎದುರಾಗಿ ಹೆಚ್ಚುಕಡಿಮೆ ಮೂರೇ ಜಾಗಗಳಲ್ಲಿ ನಿಲ್ಲುವುದರಿಂದ, ಫ್ಲೈವೀಲಿನ ಸುತ್ತ ಪಿನಿಯನ್ ಕೂಡುವ ರಿಂಗ್ ಗೇರಿನ ಹಲ್ಲುಗಳು ಆ ಮೂರು ಕಡೆಗಳಲ್ಲೇ ಸವೆದಿವೆ. ಅಲ್ಲಿ ಪಿನಿಯನ್ ಹಲ್ಲಿಗೆ ಹಲ್ಲು ಒತ್ತಿ ನಿಂತರೆ, ಡೀಸೆಲ್ ನಿಲ್ಲಿಸುವ ಸ್ಟಾಪ್ ಎಳೆದು, ಕೀಲಿ ತೆಗೆದು, ಟಾಪ್ ಗೇರಿನಲ್ಲಿ ಟ್ರಾಕ್ಟರನ್ನು ಒಂದಿಷ್ಟು ಹಿಂದೆ ಮುಂದೆ ಜಗ್ಗಿ ಬಿಡಿಸಿಕೊಳ್ಳುತ್ತೇನೆ. ಕ್ಲಚ್ ಪ್ಲೇಟ್ ಬದಲಿಸಲು ಟ್ರಾಕ್ಟರನ್ನು ನಡುವೆ ಎರಡು ಭಾಗವಾಗಿ ಬಿಡಿಸುವ ದಿನ ಎಂಜಿನ್ನಿನ ಹಿಂಬದಿಯ ಸೀಲನ್ನೂ ಬದಲಿಸಿ, ಸವೆಯದ ಹಲ್ಲುಗಳು ಆ ಮೂರು ಜಾಗಗಳಿಗೆ ಬರುವಂತೆ ರಿಂಗನ್ನು ಬಿಸಿಮಾಡಿ ಕಳಚಿ 60 ಡಿಗ್ರಿ ತಿರುಗಿಸಿ ಕೂರಿಸಬೇಕೆಂದಿದ್ದೇನೆ.