ಎದೆಯೊಳಗಿನ ಕಳ್ಳದಾರಿ ಮುಚ್ಚಿಸಿಕೊಂಡೆ: ಇಪಿ ಸ್ಟಡಿ, ಅಬ್ಲೇಶನ್ ಅನುಭವ (4/5)

ಒಂಬತ್ತು ವರ್ಷ ಎಲ್ಲರೂ ಹೇಳಿದ್ದು ಒಂದೇ ಮಾತು, ಗ್ಯಾಸ್. ಸುಮ್ನೆ ಕೂತಿದ್ದಾಗ ಸ್ವಿಚ್ ಹಾಕಿದ ಹಾಗೆ ಎದೆ ಡವಡವ ಶುರುವಾಗುತ್ತಿತ್ತು, ನಿಮಿಷಕ್ಕೆ 200ರ ಹತ್ತಿರ, ಆಟೋ ಹಿಡಿದು ಕ್ಲಿನಿಕ್ ಮುಟ್ಟುವಷ್ಟರಲ್ಲಿ ತಟ್ಟನೆ ನಿಂತೂ ಹೋಗುತ್ತಿತ್ತು. ಅಲ್ಲಿ ಗ್ಯಾಸ್ ಮಾತ್ರೆ ಕೊಟ್ಟು ಕಳಿಸುತ್ತಿದ್ದರು. ಒಂದು ಸಲವೂ ಇಸಿಜಿ ತೆಗೆಯಲಿಲ್ಲ. ಆ ಕೋಪ ನನಗೆ ಇನ್ನೂ ಇದೆ.

ಕೊನೆಗೆ ಬೆಂಗಳೂರಿನ ಒಂದು ಹೃದಯದ ಆಸ್ಪತ್ರೆಗೆ ಹೋದೆ. ಡಾಕ್ಟರ್ ಇಸಿಜಿ ಮೇಲೆ ಪೆನ್ನಿನ ತುದಿ ಇಟ್ಟು, "ಈ ಗೆರೆ ನೆಟ್ಟಗೆ ಏಳಬೇಕಮ್ಮಾ, ನಿಮ್ಮದು ಓರೆಯಾಗಿ ಹತ್ತುತ್ತಿದೆ ನೋಡಿ" ಅಂದರು. ಅದೇ ಡೆಲ್ಟಾ ವೇವ್. ಕಾಯಿಲೆ ಹೆಸರು ಡಬ್ಲ್ಯೂಪಿಡಬ್ಲ್ಯೂ, 1930ರಲ್ಲಿ ಇದನ್ನು ವಿವರಿಸಿದ ವುಲ್ಫ್, ಪಾರ್ಕಿನ್ಸನ್, ವೈಟ್ ಎಂಬ ಮೂವರು ಡಾಕ್ಟರ್‌ಗಳ ಹೆಸರು. ಹೃದಯದ ಮೇಲಿನ ಕೋಣೆಯಿಂದ ಕೆಳಗೆ ಕರೆಂಟ್ ಇಳಿಯಲು ಎವಿ ನೋಡ್ ಒಂದೇ ಬಾಗಿಲು, ಅಲ್ಲಿ ಅದು ಒಂದು ಕ್ಷಣ ತಡೆದು ಹೋಗಬೇಕು. ನನಗೆ ಹುಟ್ಟಿನಿಂದಲೇ ಪಕ್ಕದಲ್ಲಿ ಇನ್ನೊಂದು ಸಣ್ಣ ಸ್ನಾಯುವಿನ ಎಳೆ ಇತ್ತಂತೆ, ಕರೆಂಟ್ ಬಾಗಿಲಿಂದ ಇಳಿದು ಆ ಎಳೆ ಹಿಡಿದು ಮತ್ತೆ ಮೇಲೆ ಹತ್ತಿ ಸುತ್ತು ಹೊಡೆಯಲು ಶುರು ಮಾಡಿದರೆ ಡವಡವ.

ಅಬ್ಲೇಶನ್ ಅಂದರೆ ಆ ಎಳೆಯನ್ನು ಒಳಗಿನಿಂದಲೇ ಸುಡುವುದು, ಎದೆ ಕೊಯ್ಯುವುದಿಲ್ಲ. ತೊಡೆಸಂದಿನಲ್ಲಿ ಮರಗಟ್ಟಿಸಿ ತೆಳ್ಳನೆ ವೈರ್‌ಗಳನ್ನು ರಕ್ತನಾಳದೊಳಗೆ ಬಿಡುತ್ತಾರೆ. ನಾನು ಎಚ್ಚರವಾಗಿಯೇ ಇದ್ದೆ. ಬೇಕಂತಲೇ ಡವಡವ ಬರಿಸಿ ಎಳೆ ಎಲ್ಲಿದೆ ಅಂತ ಹುಡುಕುತ್ತಾರೆ, ಇದೇ ಇಪಿ ಸ್ಟಡಿ, ನನಗೆ ಜಾಸ್ತಿ ಭಯ ಆಗಿದ್ದು ಆಗಲೇ. ನರ್ಸ್ ಸಿಸ್ಟರ್ ನನ್ನ ಕೈ ಬಿಡಲೇ ಇಲ್ಲ, "ಈಗ ಜೋರಾಗುತ್ತೆ, ಈಗ ನಿಲ್ಲಿಸ್ತಾರೆ" ಅಂತ ಪ್ರತಿಯೊಂದನ್ನೂ ಮೊದಲೇ ಹೇಳುತ್ತಿದ್ದರು. ಸುಡುವಾಗ ಎದೆ ಬಿಸಿ ಆಯಿತು. ಕೆಲವೇ ಸೆಕೆಂಡು, ಪರದೆ ಮೇಲಿನ ಆ ಓರೆ ನೆಟ್ಟಗಾಯಿತು. ನನಗೆ ಅಳು ಬಂತು.

ಎಳೆ ಎವಿ ನೋಡ್ ಪಕ್ಕದಲ್ಲೇ ಇದ್ದರೆ ಸುಡುವಾಗ ಅದಕ್ಕೂ ಪೆಟ್ಟಾಗಿ ಪೇಸ್‌ಮೇಕರ್ ಬೇಕಾಗಬಹುದು ಅನ್ನೋದನ್ನೂ ಸಹಿಗೆ ಮೊದಲೇ ಬಿಡಿಸಿ ಹೇಳಿದ್ದರು, ಅದು ತುಂಬಾ ಮುಖ್ಯ ಅಲ್ವಾ. ಒಂದು ಸ್ಟಾರ್ ಕಳೆದಿದ್ದು ಡಿಸ್ಚಾರ್ಜ್‌ಗೆ: ಇನ್ಶೂರೆನ್ಸ್ ಒಪ್ಪಿಗೆಗೆ ಸಂಜೆವರೆಗೂ ಕಾಯಿಸಿದರು.

ಇದೇ ಕಾಯಿಲೆ ಇದ್ದು ಅಬ್ಲೇಶನ್ ಇನ್ನೂ ಆಗದವರು ಇಸಿಜಿಯ ಫೋಟೊ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಎಮರ್ಜೆನ್ಸಿಗೆ ಹೋದರೆ ಮೊದಲು ಅದನ್ನೇ ತೋರಿಸಿ. ಬಡಿತ ಜೋರಾಗಿ ತಾಳ ತಪ್ಪಿದ್ದಾಗ ವೆರಪಮಿಲ್ ಅನ್ನೋ ಬಡಿತ ಇಳಿಸುವ ಔಷಧಿ ಕೊಟ್ಟರೆ ನಮ್ಮಂಥವರ ಜೀವಕ್ಕೇ ಅಪಾಯ.