ಹದಿನೆಂಟು ಬಾಟಲಿ, ಇಪ್ಪತ್ತೈದು ಸ್ಲೈಡ್: ನಮ್ಮ ಪ್ರಯೋಗಾಲಯಕ್ಕೆ ಬಂದ ಅಕಶೇರುಕಗಳ ಪೆಟ್ಟಿಗೆ

ಕೊಪ್ಪಳ ಜಿಲ್ಲೆಯ ಒಂದು ತಾಲ್ಲೂಕು ಊರಿನ ಪದವಿಪೂರ್ವ ಕಾಲೇಜಿನಲ್ಲಿ ಹದಿನೇಳು ವರ್ಷಗಳಿಂದ ಜೀವಶಾಸ್ತ್ರ ಕಲಿಸುತ್ತಿದ್ದೇನೆ. ಪ್ರಥಮ ಪಿಯುಸಿಯ ಪ್ರಾಣಿ ಸಾಮ್ರಾಜ್ಯದ ಪಾಠ ಬಂದಾಗಲೆಲ್ಲ ನನಗೆ ಒಂದೇ ಸಂಕಟ. ಹೊಲದ ಎರೆಹುಳು, ಹಳ್ಳದ ಏಡಿ, ಹಿತ್ತಲಿನ ಬಸವನಹುಳು, ಕಲ್ಲಿನಡಿಯ ಚೇಳು ಮತ್ತು ಜರಿ, ಇಷ್ಟನ್ನು ಮಕ್ಕಳಿಗೆ ತೋರಿಸಬಲ್ಲೆ. ಅಲ್ಲಿಗೆ ನಮ್ಮ ನೆಲ ಮುಗಿಯುತ್ತದೆ. ನಕ್ಷತ್ರಮೀನಿನ ವಂಶದಲ್ಲಿ ಸಿಹಿನೀರಿನಲ್ಲಿ ಬದುಕುವ ಪ್ರಾಣಿ ಒಂದೂ ಇಲ್ಲ. ಪಾಠದಲ್ಲಿ ಬರುವ ಟೀನೊಫೊರ, ಬೆಲನೊಗ್ಲಾಸಸ್, ಹರ್ಡ್‌ಮೇನಿಯ, ಆಂಫಿಯಾಕ್ಸಸ್ ಎಲ್ಲವೂ ಕಡಲಿನವೇ. ನಮ್ಮ ತರಗತಿಯ ಅರವತ್ತು ಮಕ್ಕಳಲ್ಲಿ ಕಡಲು ನೋಡಿದವರು ನಾಲ್ವರು.

ಆದ್ದರಿಂದ ಈ ವರ್ಷ ಪ್ರಯೋಗಾಲಯದ ಅನುದಾನ ಬಂದಾಗ ಸೂಕ್ಷ್ಮದರ್ಶಕದ ದುರಸ್ತಿಯನ್ನು ಮುಂದೂಡಿ, ಹದಿನೆಂಟು ಬಾಟಲಿ ಸ್ಪೆಸಿಮನ್ ಮತ್ತು ಇಪ್ಪತ್ತೈದು ಸ್ಲೈಡುಗಳ ಒಂದು ಸೆಟ್ ತರಿಸಿದೆವು. ತೆರಿಗೆ ಸೇರಿ 13,700 ರೂಪಾಯಿ. ಮಾರಿದವರ ಹೆಸರು ಹೇಳುವುದಿಲ್ಲ. ಇಂಥ ಸೆಟ್‌ಗಳು ಹಲವರ ಬಳಿ ಸಿಗುತ್ತವೆ. ಕೊಳ್ಳುವಾಗ ಏನನ್ನು ನೋಡಬೇಕು ಎಂಬುದು ನನ್ನಂಥ ಉಪನ್ಯಾಸಕರಿಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಗಾಜು ಗಟ್ಟಿಯಾಗಿದೆ, ಅಲೆ ಅಲೆಯಾಗಿಲ್ಲ, ಒಳಗಿನ ಪ್ರಾಣಿ ಸೊಟ್ಟಗೆ ಕಾಣುವುದಿಲ್ಲ. ಪ್ರತಿಯೊಂದನ್ನೂ ಬಿಳಿ ಹಲಗೆಗೆ ದಾರದಿಂದ ಕಟ್ಟಿದ್ದಾರೆ. ಆಸ್ಕರಿಸ್ ಜಂತುಹುಳುವಿನ ಗಂಡು ಹೆಣ್ಣು ಎರಡನ್ನೂ ಒಂದೇ ಹಲಗೆಯ ಮೇಲೆ ಅಕ್ಕಪಕ್ಕ ಕಟ್ಟಿರುವುದು ಬಹಳ ಹಿಡಿಸಿತು. ಗಂಡು ಚಿಕ್ಕದು, ಅದರ ಬಾಲ ಕೊಕ್ಕೆಯ ಹಾಗೆ ಬಾಗಿದೆ. ಹೆಣ್ಣು ಉದ್ದ, ಬಾಲ ನೇರ. ಪ್ರತಿ ವರ್ಷ ಫೆಬ್ರವರಿಯಲ್ಲಿ ಶಾಲೆಯಲ್ಲಿ ಆಲ್ಬೆಂಡಜೋಲ್ ಮಾತ್ರೆ ನುಂಗಿ ಬೆಳೆದ ಮಕ್ಕಳು ಇವರು. ಆ ಮಾತ್ರೆ ಯಾವ ಪ್ರಾಣಿಗಾಗಿ ಎಂದು ಆ ದಿನ ಮೊದಲ ಬಾರಿ ಕಣ್ಣಾರೆ ಕಂಡರು. ನೆರೀಸ್ ಎಂಬ ಕಡಲಹುಳು ಇದ್ದ ಬಾಟಲಿ ಮಾತ್ರ ದಾರಿಯಲ್ಲಿ ಸೋರಿ, ಪೆಟ್ಟಿಗೆ ತೆರೆದಾಗ ಫಾರ್ಮಲಿನ್ ವಾಸನೆಗೆ ಅಟೆಂಡರ್ ಕಣ್ಣುಜ್ಜಿಕೊಂಡು ಹೊರಗೆ ಓಡಿದರು. ಫೋಟೊ ಕಳಿಸಿದ ಮೇಲೆ ಮೂರು ವಾರದಲ್ಲಿ ಬೇರೆ ಬಾಟಲಿ ಬಂತು. ಆ ವಿಷಯದಲ್ಲಿ ದೂರಿಲ್ಲ.

ನಕ್ಷತ್ರಮೀನಿನ ವಿಷಯದಲ್ಲಿ ದೂರಿದೆ. ಅದನ್ನೂ ಸೈಕಾನ್ ಸ್ಪಂಜನ್ನೂ ಉಳಿದವುಗಳ ಹಾಗೆಯೇ ಫಾರ್ಮಲಿನ್‌ನಲ್ಲಿ ಇಟ್ಟು ಕಳಿಸಿದ್ದಾರೆ. ಫಾರ್ಮಲಿನ್ ಇಟ್ಟಲ್ಲೇ ಹುಳಿಯಾಗುತ್ತಾ ಹೋಗುತ್ತದೆ, ಅದರಲ್ಲಿ ಫಾರ್ಮಿಕ್ ಆಮ್ಲ ಹುಟ್ಟುತ್ತದೆ. ನಕ್ಷತ್ರಮೀನಿನ ಮುಳ್ಳು, ಸೈಕಾನಿನ ಸೂಜಿಗಳು ಸುಣ್ಣದವು. ಆಮ್ಲದಲ್ಲಿ ಸುಣ್ಣ ಕರಗುತ್ತದೆ. ಕೆಲವು ವರ್ಷ ಕಳೆದರೆ ಮೈಮೇಲೆ ಮುಳ್ಳಿಲ್ಲದ ನಕ್ಷತ್ರಮೀನನ್ನು ಹಿಡಿದು ಇದು ಕಂಟಕಚರ್ಮಿ ಎಂದು ಹೇಳಬೇಕಾಗುತ್ತದೆ. ಬಂದ ವಾರದಲ್ಲೇ ಎರಡನ್ನೂ ತೊಳೆದು 70% ಆಲ್ಕೋಹಾಲ್‌ಗೆ ಹಾಕಿದೆ. ಕೊಳ್ಳುವವರು ಮೊದಲೇ ಕೇಳಿ ಆಲ್ಕೋಹಾಲ್‌ನಲ್ಲೇ ತರಿಸಿಕೊಳ್ಳಬೇಕು, ಇಲ್ಲವೇ ಫಾರ್ಮಲಿನ್‌ಗೆ ಬೋರಾಕ್ಸ್ ಬೆರೆಸಿದ್ದಾರೆಯೇ ಎಂದು ವಿಚಾರಿಸಬೇಕು.

ಸ್ಲೈಡುಗಳು ಬಾಟಲಿಗಳಿಗಿಂತ ಎಷ್ಟೋ ಮೇಲು. ಒಬೆಲಿಯ, ಲಾಡಿಹುಳುವಿನ ತಲೆ, ಸ್ಪಂಜಿನ ಸೂಜಿಗಳು ಎಲ್ಲ ಸ್ಪಷ್ಟವಾಗಿವೆ, ಗುಳ್ಳೆಗಳಿಲ್ಲ. ಇವುಗಳಲ್ಲಿ ಸೈಕ್ಲಾಪ್ಸ್ ಸ್ಲೈಡಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಸಾಸಿವೆ ಕಾಳಿಗಿಂತ ಚಿಕ್ಕ ಪ್ರಾಣಿ, ಹಣೆಯ ನಡುವೆ ಒಂದೇ ಕಣ್ಣು, ಬಾಲದ ಇಕ್ಕೆಲಗಳಲ್ಲಿ ಜೋಳಿಗೆಯ ಹಾಗೆ ಎರಡು ಮೊಟ್ಟೆಚೀಲ. ಸಿಗಡಿ ಏಡಿಗಳ ಬಳಗದ್ದು. ಮಕ್ಕಳಿಗೆ ಇದು ಪರೀಕ್ಷೆಯ ಒಂದು ಚಿತ್ರವಷ್ಟೇ. ನನಗೆ ಇದು ಅಜ್ಜಿಯ ಎಡಗಾಲಿನ ಹರಡಿನ ಮೇಲಿದ್ದ ಗಾಯದ ಗುರುತು. ಆಗ ಕೊಪ್ಪಳ ರಾಯಚೂರು ಜಿಲ್ಲೆಯಲ್ಲೇ ಇತ್ತು. ಮೆಟ್ಟಿಲು ಬಾವಿಗೆ ಇಳಿದು ನೀರು ತುಂಬುತ್ತಿದ್ದ ಊರುಗಳಲ್ಲಿ ನಾರುಹುಣ್ಣು ಕಂಡವರೆಷ್ಟೋ ಮಂದಿ. ಹುಣ್ಣಿನಿಂದ ತಲೆ ಹೊರಹಾಕುವ ನಾರಿನಂಥ ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ಎಳೆಯಬೇಕಿತ್ತು. ಹರಿದರೆ ಕಾಲು ಬಾತು ಕೀವಾಗುತ್ತಿತ್ತು. ಆ ಕಾಲನ್ನು ಬಾವಿಯ ನೀರಿಗಿಟ್ಟರೆ ಹುಳುವಿನ ಮರಿಗಳು ನೀರಿಗೆ ಸೇರುತ್ತಿದ್ದವು, ಅವನ್ನು ಸೈಕ್ಲಾಪ್ಸ್ ತಿನ್ನುತ್ತಿತ್ತು, ಆ ನೀರನ್ನು ಜನ ಕುಡಿಯುತ್ತಿದ್ದರು. ಒಂದು ದುಂಡುಹುಳು, ಒಂದು ಸಂಧಿಪದಿ, ಒಬ್ಬ ಮನುಷ್ಯ: ಮೂರು ವಂಶಗಳು ಸೇರಿ ಒಂದು ರೋಗ. ಸರಪಳಿ ಹರಿಯಲು ನೀರನ್ನು ಬಟ್ಟೆಯಲ್ಲಿ ಸೋಸುವುದೇ ಮುಖ್ಯ ಉಪಾಯವಾಯಿತು. ಹುಳುವಿನ ಮರಿ ಬಟ್ಟೆಯ ಕಣ್ಣಲ್ಲಿ ನುಸುಳಿಬಿಡಬಹುದು, ಆದರೆ ಅದನ್ನು ಹೊತ್ತ ಸೈಕ್ಲಾಪ್ಸ್ ನುಸುಳಲಾರದು. ಭಾರತದ ಕೊನೆಯ ರೋಗಿ ಕಂಡುಬಂದದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ದೇಶ ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಈ ಕಥೆ ಹೇಳಿದ ಮೇಲೆ ಅರವತ್ತು ಮಕ್ಕಳೂ ಆ ಸ್ಲೈಡಿಗಾಗಿ ಸಾಲು ನಿಂತರು. ಅಷ್ಟು ದುಡ್ಡಿಗೆ ಆ ಒಂದು ಸ್ಲೈಡ್ ಸಿಕ್ಕಿದ್ದರೂ ನನಗೆ ನಷ್ಟವೆನಿಸುತ್ತಿರಲಿಲ್ಲ.

ಇನ್ನು ಲೇಬಲ್‌ಗಳ ವಿಷಯ. ಇಲ್ಲಿ ನಾನು ಮೃದುವಾಗಿ ಮಾತನಾಡಲಾರೆ. ಸ್ಪೆಸಿಮನ್ನಿನ ಅರ್ಧ ಬೆಲೆ ಅದರ ಚೀಟಿಯಲ್ಲಿದೆ. ಚೀಟಿ ತಪ್ಪಿದರೆ ಬಾಟಲಿಯೊಳಗಿರುವುದು ಉಪ್ಪಿನಕಾಯಿಗೆ ಸಮ.

ಲಿಮ್ಯುಲಸ್ ಎಂಬ ಲಾಳದ ಏಡಿಯನ್ನು ನೋಡಿ. ಇದು ಬಾಟಲಿಯಲ್ಲ, ಫೈಬರ್ ಮಾದರಿ, ಮತ್ತು ಹಾಗಿರುವುದೇ ಸರಿ. ಒಡಿಶಾ ಮತ್ತು ಬಂಗಾಳದ ಕರಾವಳಿಯಲ್ಲಿ ಸಿಗುವ ನಮ್ಮ ಲಾಳದ ಏಡಿಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ. ಮಾದರಿಯ ಕೆಲಸವೂ ಸೊಗಸಾಗಿದೆ, ಮಗುಚಿ ಹಾಕಿದರೆ ಕಾಲುಗಳನ್ನು ಎಣಿಸಬಹುದು. ಆದರೆ ಚೀಟಿಯಲ್ಲಿ ಅಚ್ಚಾಗಿರುವುದು: ವರ್ಗ ಕ್ರಸ್ಟೇಸಿಯ. ಹೆಸರಿನಲ್ಲಿ ಏಡಿ ಇದೆಯೆಂದು ಏಡಿಗಳ ಜೊತೆ ಕೂರಿಸಿಬಿಟ್ಟಿದ್ದಾರೆ. ಹೊಸಪೇಟೆಯ ಮೀನು ಮಾರುಕಟ್ಟೆಯಿಂದ ಸಿಗಡಿ ತರಿಸಿ ಪಕ್ಕದಲ್ಲಿಟ್ಟೆ. ಸಿಗಡಿಗೆ ಎರಡು ಜೊತೆ ಮೀಸೆಗಳಿವೆ. ಲಿಮ್ಯುಲಸ್‌ಗೆ ಮೀಸೆಯೇ ಇಲ್ಲ. ಬಾಯಿಯ ಮುಂದೆ ಒಂದು ಜೊತೆ ಪುಟ್ಟ ಚಿಮಟಗಳಿವೆ. ಚೇಳಿಗೂ ಹಾಗೆಯೇ. ಚೇಳನ್ನು ಭೂತಗನ್ನಡಿಯಲ್ಲಿ ನೋಡಿದ ಒಬ್ಬ ಹುಡುಗ ಯಾರೂ ಹೇಳಿಕೊಡದೆ, "ಮೇಡಂ, ಇದು ಚೇಳಿನ ಕಡೆಯದು" ಎಂದ. ಚೀಟಿ ಬರೆದವರು ಮಗುಚಿ ನೋಡಿದ್ದರೆ ಸಾಕಿತ್ತು.

ಟೀನೊಫೊರದ ಬಾಟಲಿಯ ಮೇಲೆ ಸೀಲೆಂಟರೇಟ, ಅಂದರೆ ಲೋಳೆಮೀನಿನ ವಂಶ, ಎಂದಿದೆ. ಅದಕ್ಕೆ ಲೋಳೆಮೀನಿನ ಹಾಗೆ ಚುಚ್ಚುವ ಕಣಗಳಿಲ್ಲ, ಮೈಮೇಲೆ ಬಾಚಣಿಗೆಯಂಥ ಎಂಟು ಸಾಲುಗಳಿವೆ, ಬೇರೆ ವಂಶ ಎಂದು ನಮ್ಮ ಪಠ್ಯವೇ ಹೇಳುತ್ತದೆ. ಬೆಲನೊಗ್ಲಾಸಸ್ ಮೇಲಿನ ಚೀಟಿ ಇನ್ನೂ ಹಳೆಯದು: ವಂಶ ಕಾರ್ಡೇಟ (ಬೆನ್ನೆಲುಬುಳ್ಳವು ಸೇರಿದ ವಂಶ), ಉಪವಂಶ ಹೆಮಿಕಾರ್ಡೇಟ. ಈಗಿನ ಪಠ್ಯ ಅದನ್ನು ಅಕಶೇರುಕಗಳ ಕಡೆ, ಪ್ರತ್ಯೇಕ ವಂಶವಾಗಿ ಇಟ್ಟಿದೆ. ಚೀಟಿ ನಂಬಿ ಬರೆದ ಮಗುವಿನ ಅಂಕ ಹೋಗುತ್ತದೆ.

ಆದರೂ ಆ ಬೆಲನೊಗ್ಲಾಸಸ್, ಹರ್ಡ್‌ಮೇನಿಯ, ಆಂಫಿಯಾಕ್ಸಸ್, ಈ ಮೂರಕ್ಕಾಗಿಯೇ ಈ ಸೆಟ್ ಕೊಳ್ಳಿ ಎನ್ನುತ್ತೇನೆ. ಬೆನ್ನೆಲುಬಿಲ್ಲದವು, ಬೆನ್ನೆಲುಬುಳ್ಳವು ಎಂದು ನಾವು ಗೆರೆ ಎಳೆಯುತ್ತೇವಲ್ಲ, ಆ ಗೆರೆಯ ಮೇಲೆಯೇ ಕುಳಿತ ಪ್ರಾಣಿಗಳು ಇವು.

ಬೆಲನೊಗ್ಲಾಸಸ್ ಮಣ್ಣಿನ ಬಣ್ಣದ ಮೆತ್ತನೆಯ ಹುಳು. ಓಕ್ ಮರದ ಕಾಯಿಯನ್ನು ಹೋಲುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಓಕ್ ಮರ ನಮ್ಮಲ್ಲಿ ಯಾರೂ ಕಂಡಿಲ್ಲ. ಸೊಂಡಿಲು, ಕೊರಳಪಟ್ಟಿ, ಉದ್ದನೆಯ ಮೈ ನೋಡಿದ ಹುಡುಗಿಯರು ಅದಕ್ಕೆ ತೊಟ್ಟಿರುವ ಎಳೆ ಮುಳಗಾಯಿ ಎಂದರು. ಆ ಹೋಲಿಕೆಯನ್ನೇ ನಾನೂ ಇಟ್ಟುಕೊಂಡಿದ್ದೇನೆ. ಅದರ ಗಂಟಲಲ್ಲಿ ಕಿವಿರು ಸೀಳುಗಳಿವೆ. ಸೊಂಡಿಲೊಳಗೆ ಚಾಚಿದ ಒಂದು ಗಟ್ಟಿ ಭಾಗವನ್ನು ಹಿಂದೆ ನೊಟೊಕಾರ್ಡ್, ಅಂದರೆ ಬೆನ್ನೆಲುಬಿಗೂ ಮೊದಲಿನ ಆಧಾರದ ದಂಡ, ಎಂದೇ ಬಗೆದಿದ್ದರು. ಅದು ಬಾಯಿಯ ಕೊಳವೆಯಿಂದಲೇ ಹೊರಟ ಕವಲು ಎಂದು ಆಮೇಲೆ ತಿಳಿಯಿತು. ಅದರ ಮರಿಯನ್ನು ಮೊದಲು ಕಂಡವರು ನಕ್ಷತ್ರಮೀನಿನ ಮರಿಯೆಂದೇ ತಿಳಿದಿದ್ದರು, ಅಷ್ಟು ಹೋಲಿಕೆ. ಈಗ ಇವೆರಡೂ ವಂಶಗಳು ಹತ್ತಿರದ ನೆಂಟರು ಎಂಬುದು ಖಚಿತವಾಗಿದೆ. ನಾನು ಎರಡು ಬಾಟಲಿಗಳನ್ನೂ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಇಟ್ಟಿದ್ದೇನೆ.

ಹರ್ಡ್‌ಮೇನಿಯ ನೋಡಲು ಸುಕ್ಕುಗಟ್ಟಿದ ಆಲೂಗಡ್ಡೆ. ಮೇಲೆ ಎರಡು ಬಾಯಿ, ಒಂದರಲ್ಲಿ ನೀರು ಒಳಕ್ಕೆ, ಇನ್ನೊಂದರಲ್ಲಿ ಹೊರಕ್ಕೆ. ಬುಡಕ್ಕೆ ಮರಳು ಮತ್ತು ಚಿಪ್ಪಿನ ಚೂರುಗಳು ಅಂಟಿವೆ, ಅವನ್ನು ತೊಳೆಯದೆ ಹಾಗೇ ಬಿಟ್ಟಿರುವುದಕ್ಕೆ ಮಾರಿದವರಿಗೆ ನಮಸ್ಕಾರ. ಹೊದಿಕೆಯಲ್ಲಿರುವುದು ಸೆಲ್ಯುಲೋಸ್, ಗಿಡಗಳಲ್ಲಿರುವಂಥದ್ದೇ. ಇದನ್ನು ತಾನೇ ತಯಾರಿಸಿಕೊಳ್ಳುವ ಪ್ರಾಣಿಬಳಗ ಇದೊಂದೇ. ಹಿಂದೆ ಇದನ್ನು ಮೃದ್ವಂಗಿಗಳ ಜೊತೆ ಸೇರಿಸುತ್ತಿದ್ದರು. ಬಾಟಲಿಯನ್ನಷ್ಟೇ ನೋಡಿದರೆ ನಾನೂ ಸೇರಿಸುತ್ತಿದ್ದೆ. ಇದರ ಗುಟ್ಟು ಇರುವುದು ಜೊತೆಗೆ ಬಂದ ಮರಿಯ ಸ್ಲೈಡಿನಲ್ಲಿ. ಅದು ಕಪ್ಪೆಯ ಗೊದಮೊಟ್ಟೆಯ ಹಾಗಿದೆ. ಬಾಲದ ಉದ್ದಕ್ಕೂ ನೊಟೊಕಾರ್ಡ್ ಇದೆ, ಅದರ ಮೇಲೆ ನರಹುರಿ. ರಷ್ಯಾದ ಜೀವವಿಜ್ಞಾನಿ ಕೊವಲೆವ್‌ಸ್ಕಿ 1866ರಲ್ಲಿ ಇದನ್ನು ತೋರಿಸಿಕೊಟ್ಟ ಮೇಲೆಯೇ ಈ ಬಳಗಕ್ಕೆ ನಮ್ಮ ಕಡೆಯ ಮನೆಯಲ್ಲಿ ಜಾಗ ಸಿಕ್ಕಿದ್ದು. ಮರಿ ತಲೆಯ ಕಡೆಯಿಂದ ಬಂಡೆಗೆ ಅಂಟಿಕೊಳ್ಳುತ್ತದೆ, ಬಾಲ ಕರಗಿಹೋಗುತ್ತದೆ. ಸ್ಲೈಡಿಲ್ಲದೆ ಬಾಟಲಿಯೊಂದನ್ನೇ ಯಾರಾದರೂ ಮಾರಿದರೆ ಕೊಳ್ಳಬೇಡಿ.

ಆಂಫಿಯಾಕ್ಸಸ್ ಸ್ಲೈಡನ್ನು ಸೂಕ್ಷ್ಮದರ್ಶಕಕ್ಕೂ ಮೊದಲು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಗುಲಾಬಿ ಬಣ್ಣ ಹಾಕಿದ, ಎರಡೂ ತುದಿ ಚೂಪಾದ ಒಂದು ಎಲೆ. ಮೈಯುದ್ದಕ್ಕೂ ಮಲಗಿಸಿಟ್ಟ ಬಾಣದ ತುದಿಗಳ ಹಾಗೆ ಮಾಂಸದ ಪಟ್ಟಿಗಳು ಒಂದರ ಹಿಂದೆ ಒಂದು ಕೂತಿವೆ. ನಡುವೆ ಹಾದ ನೊಟೊಕಾರ್ಡ್ ಬಾಲದಿಂದ ಹೊರಟು ಮೂತಿಯ ತುದಿಯವರೆಗೂ ಹೋಗಿದೆ. ತಲೆಬುರುಡೆ ಇಲ್ಲ, ದವಡೆ ಇಲ್ಲ, ಬೆನ್ನೆಲುಬೂ ಇಲ್ಲ. ಆದರೂ ಮೀನೆಂದೇ ಕಾಣುತ್ತದೆ. 1774ರಲ್ಲಿ ಜೀವವಿಜ್ಞಾನಿ ಪಲ್ಲಾಸ್ ಇದನ್ನು ಚಿಪ್ಪಿಲ್ಲದ ಬಸವನಹುಳು ಎಂದು ವರ್ಣಿಸಿದ್ದರು ಎಂದರೆ ಮಕ್ಕಳು ನಂಬಲಿಲ್ಲ. ಅದಕ್ಕಿಂತ ದೊಡ್ಡ ಅಚ್ಚರಿ ಮುಂದಿತ್ತು. ಮೀನಿನ ಹಾಗಿರುವ ಇದಕ್ಕಿಂತ ಆ ಆಲೂಗಡ್ಡೆಯಂಥ ಹರ್ಡ್‌ಮೇನಿಯದ ಬಳಗವೇ ಕಶೇರುಕಗಳಿಗೆ ಹೆಚ್ಚು ಹತ್ತಿರ ಎಂದು 2006ರಲ್ಲಿ ಜೀನ್‌ಗಳ ಹೋಲಿಕೆ ತೋರಿಸಿತು. ಇದನ್ನು ಹೇಳಿದಾಗ ತರಗತಿ ಎರಡು ಪಂಗಡವಾಗಿ ವಾದಕ್ಕಿಳಿಯಿತು, ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಕಡೆಯದಾಗಿ ಒಂದು ಎಚ್ಚರಿಕೆ. ಮಾರುವವರ ಪಟ್ಟಿಯಲ್ಲಿ ಕಡಲಸೌತೆ, ಬೀಸಣಿಗೆ ಹವಳ ಎಂಬ ಹೆಸರುಗಳೂ ಇದ್ದವು. ಇವೆಲ್ಲ 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ಅವೆರಡನ್ನು ಹೊಡೆದುಹಾಕಿ ಬದಲಿಗೆ ಬೇರೆ ಎರಡು ಸ್ಲೈಡ್ ಕೇಳಿದೆ, ಕೊಟ್ಟರು. ನೀವೂ ಹಾಗೆಯೇ ಮಾಡಿ. ಮಕ್ಕಳಿಗೆ ಚಿತ್ರ ಸಾಕು, ಅದಕ್ಕಾಗಿ ಒಂದು ಹವಳ ಸಾಯಬೇಕಿಲ್ಲ.

ಲೇಬಲ್ ತಿದ್ದಿ ಕಳಿಸಿ ಎಂದು ಫೋನ್ ಮಾಡಿದಾಗ, ಎಲ್ಲ ಕಾಲೇಜಿಗೂ ಇದೇ ಹೋಗುತ್ತದೆ, ಯಾರೂ ಕೇಳಿಲ್ಲ ಎಂಬ ಉತ್ತರ ಬಂತು. ಆದ್ದರಿಂದ ಹಳೆಯ ಚೀಟಿಗಳನ್ನೆಲ್ಲ ನೆನೆಸಿ ಕಿತ್ತು, ಮಕ್ಕಳಿಂದಲೇ ಹೊಸದು ಬರೆಸಿದ್ದೇನೆ. ಒಂದೊಂದರಲ್ಲೂ ನಾಲ್ಕು ಸಾಲು: ಹೆಸರು, ವಂಶ ಮತ್ತು ವರ್ಗ, ಬಾಟಲಿಯ ಹೊರಗಿನಿಂದಲೇ ಕಾಣುವ ಒಂದು ಗುರುತು, ಸಿಕ್ಕ ಸ್ಥಳ. ಮೊದಲ ಮೂರು ಸಾಲು ಎಲ್ಲದರಲ್ಲೂ ತುಂಬಿದೆ. ಈ ಪ್ರಾಣಿಗಳನ್ನು ಯಾವ ದಡದಿಂದ ಹಿಡಿದು ತಂದಿರಿ ಎಂದು ಮಾರಿದವರಿಗೆ ಎರಡು ಪತ್ರ ಬರೆದಿದ್ದೇನೆ. ನಾಲ್ಕನೆಯ ಸಾಲು ಇನ್ನೂ ಖಾಲಿ ಇದೆ.